ಹಳೇ ಇಂಜಿನ್ ಬ್ಲಾಕ್‌ನ ಬೋಲ್ಟ್ ತೂತುಗಳಿಗೆ ಟ್ಯಾಪ್ ಹಾಕಬಹುದಾ?

ಹೆಡ್ ಬೋಲ್ಟ್ (ಸಿಲಿಂಡರ್ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಬೋಲ್ಟ್) ತೂತುಗಳಲ್ಲಿ ತುಕ್ಕು, ಕಪ್ಪು ಜಿಡ್ಡು ತುಂಬಿದೆ, ಟ್ಯಾಪ್ ಸೆಟ್ ಇದೆ, ಒಂದು ಸಲ ಹಾಕಿ ತಿರುಗಿಸಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಮಾಮೂಲಿ ಟ್ಯಾಪ್ ಇರುವುದು ಹೊಸ ಥ್ರೆಡ್ ಕೊರೆಯುವುದಕ್ಕೆ. ಕೊಳೆ ಯಾವುದು, ಕಬ್ಬಿಣ ಯಾವುದು ಅಂತ ಅದು ನೋಡುವುದಿಲ್ಲ. ಎರಡನ್ನೂ ಕೆರೆದು ಹಾಕುತ್ತದೆ. ಆಮೇಲೆ ಬೋಲ್ಟ್ ಸಲೀಸಾಗಿ ಇಳಿಯುತ್ತದೆ ನಿಜ, ಆದರೆ ಹಿಡಿತ ಕಡಿಮೆ ಆಗಿರುತ್ತದೆ.

ನಿಮಗೆ ಬೇಕಾದದ್ದು ಥ್ರೆಡ್ ಚೇಸರ್, ಅಂದರೆ ಕಬ್ಬಿಣ ಕೊರೆಯದೆ ಥ್ರೆಡ್ಡಿನ ಕೊಳೆ ಮಾತ್ರ ತೆಗೆಯುವ ಸಾಧನ. ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು. ಅದೇ ಇಂಜಿನ್ನಿನ ಒಂದು ಹಳೇ ಬೋಲ್ಟ್ ತಗೊಂಡು, ಥ್ರೆಡ್ ಮೇಲೆ ಉದ್ದಕ್ಕೆ ಮೂರು ನಾಲ್ಕು ಗೀರು ಹಾಕಿ. ಹೆಡ್ ಬೋಲ್ಟ್ ಗಟ್ಟಿ ಉಕ್ಕು, ಹ್ಯಾಕ್ಸಾ ಬ್ಲೇಡ್ ಜಾರುತ್ತದೆ. ಗ್ರೈಂಡರಿಗೆ ತೆಳು ಡಿಸ್ಕ್ ಹಾಕಿದರೆ ಸುಲಭ. ಗೀರಿನ ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆಯಿರಿ. ಕೊಳೆಯೆಲ್ಲ ಬಂದು ಆ ಗೀರಿನಲ್ಲಿ ಕೂರುತ್ತದೆ. ಅದೇ ಇಂಜಿನ್ನಿನ ಬೋಲ್ಟ್ ಅಂತ ಯಾಕೆ ಹೇಳಿದೆ ಅಂದರೆ, 10 ಮಿಲಿಮೀಟರ್ ಬೋಲ್ಟಿನಲ್ಲೇ 1.25 ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ, ಮಿಲಿಮೀಟರಿನಲ್ಲಿ) ಇದೆ, 1.5 ಪಿಚ್ಚೂ ಇದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲು ಸಿಲಿಂಡರುಗಳಿಗೆ, ನೀರು ಮತ್ತು ಆಯಿಲ್ ಹೋಗುವ ದಾರಿಗಳಿಗೆ ಬಟ್ಟೆ ತುರುಕಿ. ತೂತಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಚೇಸರನ್ನು ಬೆರಳಲ್ಲೇ ಶುರು ಮಾಡಿ. ಬಿಗಿಯಾದರೆ ಅರ್ಧ ಸುತ್ತು ಹಿಂದಕ್ಕೆ, ಮತ್ತೆ ಮುಂದಕ್ಕೆ. ಡ್ರಿಲ್ ಮೆಷಿನ್ನಿಗಂತೂ ಸಿಕ್ಕಿಸಲೇಬೇಡಿ. ತೆಗೆದು ಒರೆಸಿ, ಮತ್ತೆ ಇಳಿಸಿ. ಕೊನೆಗೆ ಸಣ್ಣ ಬ್ರಷ್, ಬ್ರೇಕ್ ಕ್ಲೀನರ್, ಕಂಪ್ರೆಸರ್ ಗಾಳಿ. ಗಾಳಿ ಬಿಡುವಾಗ ತೂತಿನ ಮೇಲೆ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ತಳ ಮುಚ್ಚಿದ ತೂತಿಗೆ ಗಾಳಿ ಹೊಡೆದರೆ ಒಳಗಿನದ್ದೆಲ್ಲ ನೇರ ಮುಖಕ್ಕೇ ಬರುತ್ತದೆ.

ಥ್ರೆಡ್ ಹೊಳೆಯುತ್ತಿದೆ ಅಂತ ಇಲ್ಲಿಗೇ ನಿಲ್ಲಿಸಬೇಡಿ. ನಾನು ಒಂದು ಸಲ ಹಾಗೇ ಮಾಡಿದ್ದೆ. ಒಂಬತ್ತು ಬೋಲ್ಟ್ ಸುಮ್ನೆ ಇಳಿದವು. ಹತ್ತನೆಯದು ಕೊನೇ ಎರಡು ಸುತ್ತಿಗೆ ರಬ್ಬರ್ ಒತ್ತಿದ ಹಾಗೆ ಮೆತ್ತಗೆ ತಳ್ಳಿತು. ತೆಳು ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಒಳಗೆ ಬಿಟ್ಟೆ, ತುದಿ ಒದ್ದೆಯಾಗಿ ಬಂತು. ತಳದಲ್ಲಿ ಕೂಲಂಟ್ ನಿಂತಿತ್ತು. ದ್ರವವನ್ನು ಅದುಮಲು ಆಗುವುದಿಲ್ಲ ಅಲ್ವಾ, ಅದರ ಮೇಲೆ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು. ಸೀಳದಿದ್ದರೂ ಟಾರ್ಕ್ ವ್ರೆಂಚ್ (ಬೇಕಾದಷ್ಟು ಬಿಗಿ ಆದಾಗ ಟಕ್ ಅಂತ ಹೇಳುವ ಪಾನಾ) ಮೋಸ ಮಾಡುತ್ತದೆ. ಅದು ಟಕ್ ಅನ್ನುತ್ತದೆ, ಹೆಡ್ ಮಾತ್ರ ಸರಿಯಾಗಿ ಕೂತಿರುವುದಿಲ್ಲ. ಕೊಳಕು ಥ್ರೆಡ್ಡಿನದ್ದೂ ಇದೇ ಕಥೆ, ನೀವು ಹಾಕಿದ ಬಲ ಉಜ್ಜಾಟಕ್ಕೇ ಜಾಸ್ತಿ ಹೋಗುತ್ತದೆ.

ಕೆಲವು ಇಂಜಿನ್ನುಗಳಲ್ಲಿ ಒಂದೆರಡು ತೂತು ನೀರಿನ ಜಾಕೆಟ್ಟಿಗೇ (ಬ್ಲಾಕಿನೊಳಗೆ ಕೂಲಂಟ್ ಹರಿಯುವ ಜಾಗಕ್ಕೇ) ತೆರೆದಿರುತ್ತವೆ. ಅಲ್ಲಿ ಬೋಲ್ಟಿಗೆ ಸೀಲಂಟ್ ಬೇಕು. ಬೋಲ್ಟಿಗೆ ಎಣ್ಣೆ ಹಚ್ಚಬೇಕೋ ಬೇಡವೋ, ಹೊಸ ಬೋಲ್ಟೇ ಹಾಕಬೇಕೋ ಅನ್ನುವುದನ್ನು ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನುಯಲ್ ನೋಡಿಯೇ ಮಾಡಿ. ಚೇಸರ್ ಜೊತೆ ಥ್ರೆಡ್ಡೇ ಸುರುಳಿಯಾಗಿ ಎದ್ದು ಬಂದರೆ ಆ ತೂತಿಗೆ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಕೂರಿಸುವ ಉಕ್ಕಿನ ತಂತಿ ಸುರುಳಿ) ಹಾಕಿಸಬೇಕು.

ಹೆಡ್ ಇಡುವ ಮೊದಲು ಒಂದೇ ಬೋಲ್ಟನ್ನು ಎಲ್ಲ ತೂತುಗಳಿಗೂ ಬೆರಳಲ್ಲಿ ಇಳಿಸಿ ನೋಡಿ. ಒಂದೇ ಆಳದ ತೂತುಗಳಲ್ಲಿ ಯಾವುದಾದರೂ ಒಂದರಲ್ಲಿ ಮಾತ್ರ ಎರಡು ಸುತ್ತು ಮೇಲೇ ನಿಂತರೆ, ಅದರ ತಳದಲ್ಲಿ ಇನ್ನೂ ಏನೋ ಇದೆ.