ಅಲೆ ಮೇಲೆ ನಿಂತರೆ ಮಾತು ಬರುತ್ತಾ?

ಪ್ರಶ್ನೆ: ಅಕ್ಕಾ, ನಮ್ಮದು ಗದಗ ಹತ್ತಿರದ ಹಳ್ಳಿ. ಹೊಲದಲ್ಲೇ ಮನೆ. ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ, ಮಾತಿಲ್ಲ. ನೀರು ಕಂಡರೆ ಪ್ರಾಣ. ಹೊರದೇಶದಲ್ಲಿ ಇಂಥ ಮಕ್ಕಳನ್ನು ಹಲಗೆ ಮೇಲೆ ಕೂರಿಸಿ ಸಮುದ್ರದ ಅಲೆಗೆ ಒಯ್ಯುವ ವಿಡಿಯೊ ನೋಡಿದೆವು. ನಮ್ಮವರು ಗೋಕರ್ಣಕ್ಕೆ ಹೋಗೋಣ ಅಂತಾರೆ. ಮಗಳೂ ಕುಣಿಯುತ್ತಿದ್ದಾಳೆ. ಅತ್ತೆ ಮಾತ್ರ ‘ಅದರಿಂದ ಹುಡುಗ ಮಾತಾಡ್ತಾನೇನು?’ ಅಂತ ಕೇಳ್ತಾರೆ. ಏನು ಹೇಳಲಿ?
– ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ತಂಗೀ, ಅತ್ತೆಯವರಿಗೆ ನೇರವಾಗಿ ಹೇಳಿಬಿಡಿ, ಹಲಗೆ ಮೇಲೆ ಅಲೆ ಏರುವ ಈ ಸರ್ಫಿಂಗ್ ಆಟಿಸಂಗೆ ಔಷಧ ಅಲ್ಲ. ಮಾತು ಬರಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆದರೂ ಹೋಗಿ ಬನ್ನಿ. ನಾನೂ ಧಾರವಾಡದಲ್ಲಿ ಇಂಥ ಮಗನನ್ನೇ ಬೆಳೆಸಿದ್ದೇನೆ. ನಮ್ಮ ಮಕ್ಕಳು ಮಣಿ ಪೋಣಿಸಿದರೂ ಥೆರಪಿ, ಜೋಕಾಲಿ ಆಡಿದರೂ ಥೆರಪಿ. ಸುಮ್ನೆ ಖುಷಿಗೆ ಅಂತ ಒಂದು ದಿನ ಅವರಿಗೂ ಬೇಕು.

ನೀವು ನೋಡಿದ್ದು ಸರ್ಫರ್ಸ್ ಹೀಲಿಂಗ್ ಅನ್ನುವ ಸಂಸ್ಥೆಯವರ ವಿಡಿಯೊ ಇರಬಹುದು. ಕ್ಯಾಲಿಫೋರ್ನಿಯಾದ ಇಜ್ರಾಯೆಲ್ ಪಾಸ್ಕೋವಿಟ್ಜ್ ಹೆಸರಾಂತ ಸರ್ಫರ್. ಅವರ ಮಗನಿಗೂ ಆಟಿಸಂ. ದಡದಲ್ಲಿ ಕಂಗೆಡುತ್ತಿದ್ದ ಹುಡುಗ ಅಪ್ಪನ ಹಲಗೆ ಮೇಲೆ ಸಮಾಧಾನವಾಗುತ್ತಿದ್ದ. ಅದನ್ನು ಕಂಡ ಗಂಡ-ಹೆಂಡತಿ 1990ರ ದಶಕದಲ್ಲಿ ಬೇರೆ ಮಕ್ಕಳಿಗೂ ಉಚಿತ ಶಿಬಿರ ಶುರು ಮಾಡಿದರು. ಅಲ್ಲಿ ಮಗು ಒಂಟಿಯಾಗಿ ಹೋಗುವುದಿಲ್ಲ. ಉದ್ದನೆಯ ಹಲಗೆ, ಮುಂದೆ ಮಗು, ಹಿಂದೆ ಪಳಗಿದ ಸರ್ಫರ್. ಮಗು ನಿಲ್ಲಲೇಬೇಕು ಅಂತಿಲ್ಲ, ಕೂತು ಬಂದರೂ ಆಯ್ತು. ಮೊದಲು ಅಳುವ ಮಕ್ಕಳನ್ನೂ ಅವರು ಒಯ್ಯುತ್ತಾರೆ, ಅಲೆ ದಾಟಿದ ಮೇಲೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ನನಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಮಾತಿಲ್ಲದ ಮಗು ‘ಬೇಡ’ ಅನ್ನುವುದೇ ಅತ್ತು, ಅಲ್ವಾ?

ನೀರಿನಲ್ಲಿ ಅವರಿಗೆ ಯಾಕೆ ಹಿತ? ನೀರು ಮೈಯನ್ನು ಎಲ್ಲ ಕಡೆಯಿಂದ ಒತ್ತುತ್ತದೆ. ದಪ್ಪ ಕೌದಿ ಬಿಗಿಯಾಗಿ ಸುತ್ತಿದ ಹಾಗೆ. ಈ ಒತ್ತಡ ಕೆಲವು ಮಕ್ಕಳಿಗೆ ಬಹಳ ಹಿಡಿಸುತ್ತದೆ, ಎಲ್ಲರಿಗೂ ಅಲ್ಲ.

ಗೋಕರ್ಣದಲ್ಲೂ ಮುಲ್ಕಿಯಲ್ಲೂ ಸರ್ಫಿಂಗ್ ಕಲಿಸುವವರಿದ್ದಾರೆ. ಫೋನಿನಲ್ಲೇ ಮಗನ ವಿಷಯ ಬಿಡಿಸಿ ಹೇಳಿ. ಅವನೊಬ್ಬನಿಗೇ ಒಬ್ಬರು ಇರಬೇಕು, ಬೆಳಿಗ್ಗೆ ಜನ ಬರುವ ಮುಂಚೆ ಆಗಬೇಕು ಅನ್ನಿ. ಅವರು ಹಿಂದೆ ಮುಂದೆ ನೋಡಿದರೆ ಬೇರೆಯವರನ್ನು ಕೇಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಹೋಗಲೇಬೇಡಿ, ಮಳೆಗಾಲದ ಸಮುದ್ರ ಮಕ್ಕಳಿಗಲ್ಲ. ಮಗನಿಗೆ ಫಿಟ್ಸ್ ಬರುತ್ತಿದ್ದರೆ ಡಾಕ್ಟರನ್ನು ಕೇಳದೆ ನೀರಿಗೆ ಇಳಿಸಬೇಡಿ.

ಅಲೆಗಿಂತ ಜಾಸ್ತಿ ಕಾಡುವುದು ಸಣ್ಣ ಸಂಗತಿಗಳು. ಲೈಫ್ ಜಾಕೆಟಿನ ಬೆಲ್ಟು, ಮೈಗೆ ಹತ್ತುವ ಉಸುಕು, ಬಾಯಿಗೆ ಬರುವ ಉಪ್ಪುನೀರು. ಜಾಕೆಟನ್ನು ಮೊದಲೇ ತಂದು ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಿ. ಅವನು ತಿನ್ನುವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಊಟ ಬದಲಾದರೆ ಇಂಥ ಎಷ್ಟೋ ಮಕ್ಕಳು ಉಪವಾಸ ಬೀಳುತ್ತಾರೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ತಿರುವುಗಳಿಗೆ ವಾಂತಿಯಾಗಬಹುದು, ಅದಕ್ಕೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಮೊದಲ ದಿನ ದಡದಲ್ಲಿ ಪಾದ ತೋಯಿಸಿದರೆ ಸಾಕು.

ಮಗಳಿಗೂ ಹಲಗೆ ಕೊಡಿಸಿ. ತಮ್ಮನಿಗಾಗಿ ಕಾಯುವುದರಲ್ಲೇ ಈ ಹುಡುಗಿಯರ ಬಾಲ್ಯ ಮುಗಿದುಹೋಗುತ್ತದೆ. ಅವಳು ಅಲೆ ಮೇಲೆ ಇರುವಾಗ ನಿಮ್ಮಲ್ಲೊಬ್ಬರು ಅವಳನ್ನೇ ನೋಡುತ್ತಿರಿ.

ನನಗೆ ಸಮುದ್ರಕ್ಕಿಂತ ನಿಮ್ಮ ಹೊಲದ್ದೇ ಹೆಚ್ಚು ಭಯ. ಆಟಿಸಂ ಇರುವ ಮಕ್ಕಳು ಯಾರಿಗೂ ಹೇಳದೆ ಮನೆಯಿಂದ ಹೊರಟು ನೀರಿನ ಕಡೆಗೇ ಹೋಗುವುದುಂಟು. ಇವರಲ್ಲಿ ಮುಳುಗಿ ಸಾಯುವ ಅಪಾಯ ಬೇರೆ ಮಕ್ಕಳಿಗಿಂತ ಬಹಳ ಜಾಸ್ತಿ. ಅಲೆಯ ರುಚಿ ಹತ್ತಿದ ಹುಡುಗ ಊರಿಗೆ ಬಂದ ಮೇಲೂ ನೀರು ಹುಡುಕುತ್ತಾನೆ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಬಿದ್ದವರು ಹತ್ತಿ ಬರುವುದು ಕಷ್ಟ. ಹೊಲದಲ್ಲಿ ಹೊಂಡ ಇದ್ದರೆ, ಪಕ್ಕದವರದ್ದಿದ್ದರೂ ಸರಿ, ಗೋಕರ್ಣಕ್ಕೆ ಹೊರಡುವ ಮುಂಚೆ ಬೇಲಿ ಹಾಕಿಸಿ. ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗ ಇಳಿಬಿಡಿ. ತೇಲುವುದನ್ನೂ ಈಗಿನಿಂದಲೇ ಕಲಿಸಿ.