ಬಾಡಿಗೆದಾರರು ಒಳಗಿರುವಾಗಲೇ ದುರಸ್ತಿ: ಮೊದಲು ಕೊಳವೆ, ಕೊನೆಗೆ ಬಣ್ಣ

ಪ್ರಶ್ನೆ: ವಿರಾಜಪೇಟೆಯಲ್ಲಿ ನಮ್ಮ ತಂದೆಯವರು ಕಟ್ಟಿಸಿದ, ಕೆಳಗೆ ಎರಡು ಮತ್ತು ಮೇಲೆ ಎರಡು ಮನೆಗಳಿರುವ 30 ವರ್ಷ ಹಳೆಯ ಕಟ್ಟಡವಿದೆ. ಮಳೆಗಾಲದಲ್ಲಿ ತಾರಸಿ ಸೋರುತ್ತದೆ, ಮೇಲಿನ ಬಚ್ಚಲಿನ ನೀರು ಕೆಳಗಿನ ಮನೆಗಳ ಚಾವಣಿಯಲ್ಲಿ ಜಿನುಗುತ್ತದೆ, ಕಬ್ಬಿಣದ ಪೈಪುಗಳು ತುಕ್ಕು ಹಿಡಿದಿವೆ. ನಾಲ್ಕೂ ಮನೆಗಳಲ್ಲಿ ಬಾಡಿಗೆದಾರರಿದ್ದಾರೆ. ಕೆಳಗಿನ ಒಂದು ಮನೆಯಲ್ಲಿ ಮಂಡಿನೋವಿರುವ ಹಿರಿಯರೊಬ್ಬರಿದ್ದಾರೆ. ಯಾರನ್ನೂ ಬಿಡಿಸಲು ನನಗೆ ಮನಸ್ಸಿಲ್ಲ. ಒಂದೊಂದೇ ಮನೆ ಮುಗಿಸುತ್ತ ಹೋಗೋಣ ಎಂದು ಮೇಸ್ತ್ರಿಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಈ ಕ್ರಮವನ್ನು ದಯವಿಟ್ಟು ಒಪ್ಪಬೇಡಿ. ಇಂಥ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮೇಲಿನ ಬಚ್ಚಲು ಮತ್ತು ಅದರ ನೇರ ಕೆಳಗಿನ ಬಚ್ಚಲು ಕೊಳಚೆ ನೀರನ್ನು ಕೆಳಗಿಳಿಸುವ ಒಂದೇ ಇಳಿಗೊಳವೆಗೆ ಸೇರಿರುತ್ತವೆ. ಮನೆಯ ಲೆಕ್ಕದಲ್ಲಿ ಕೆಲಸ ಹಿಡಿದರೆ ಅದೇ ಕೊಳವೆಯನ್ನು ಎರಡು ಸಲ ಬಿಚ್ಚಬೇಕಾಗುತ್ತದೆ. ಕೆಳಗಿನವರು ತಮ್ಮ ಮನೆಯ ಕೆಲಸಕ್ಕೊಮ್ಮೆ, ಮೇಲಿನವರ ಕೆಲಸಕ್ಕೊಮ್ಮೆ ತೊಂದರೆ ಪಡುತ್ತಾರೆ. ಕೊಳವೆಯ ಲೆಕ್ಕದಲ್ಲಿ ಹಿಡಿದರೆ ಎಡಬದಿಯ ಎರಡು ಮನೆಗಳು ಒಂದು ಸರದಿ, ಬಲಬದಿಯ ಎರಡು ಮನೆಗಳು ಇನ್ನೊಂದು ಸರದಿ. ಒಂದು ಬದಿಯಲ್ಲಿ ಕೆಲಸ ನಡೆಯುವಾಗ ಇನ್ನೊಂದು ಬದಿಯ ಸಂಸಾರಗಳಿಗೆ ನೀರಾಗಲಿ ಶೌಚಾಲಯವಾಗಲಿ ತಪ್ಪುವುದಿಲ್ಲ.

ಕೆಲಸ ಆರಂಭಿಸುವ ಮೊದಲು ಹೊರಗೋಡೆಯ ಮೇಲೆ ಹೊಸ ನೀರಿನ ಪೈಪು ಮತ್ತು ಹೊಸ ಇಳಿಗೊಳವೆಯನ್ನು ಪೂರ್ತಿಯಾಗಿ ಜೋಡಿಸಿ, ಸೋರಿಕೆ ಪರೀಕ್ಷಿಸಿಡಿ. ಅಲ್ಲಿಯವರೆಗೆ ಹಳೆಯದು ಎಂದಿನಂತೆ ನಡೆಯುತ್ತಿರಲಿ. ನಂತರ ನೀರಿನ ಸಂಪರ್ಕ ಬದಲಿಸುವುದು ಅರ್ಧ ದಿನದ ಕೆಲಸ. ಹಿಂಬದಿಯ ಜಾಗದಲ್ಲಿ ಒಂದು ಶೌಚಾಲಯ ಮತ್ತು ಸ್ನಾನದ ಮನೆಯನ್ನು ಗಟ್ಟಿಯಾಗಿಯೇ ಕಟ್ಟಿಸಿಬಿಡಿ. ದುರಸ್ತಿಯ ದಿನಗಳಲ್ಲಿ ಬಾಡಿಗೆದಾರರಿಗೆ, ಮುಂದೆ ಕೆಲಸದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಮಂಡಿನೋವಿನ ಹಿರಿಯರು ರಾತ್ರಿ ಹೊರಗೆ ನಡೆದುಹೋಗುವುದು ಆಗದ ಮಾತು. ಅವರ ಬದಿಯ ಸರದಿ ಬರುವ ಮೊದಲೇ ಆ ಕುಟುಂಬದೊಂದಿಗೆ ಕುಳಿತು ಮಾತನಾಡಿ, ಅಷ್ಟು ದಿನ ಅವರು ಬೇರೆಡೆ ಉಳಿಯುವ ವ್ಯವಸ್ಥೆಯನ್ನು ನಿಮ್ಮ ಖರ್ಚಿನಲ್ಲಿ ಮಾಡಿಕೊಡಿ. ಈ ಅವಧಿಯಲ್ಲಿ ಯಾವುದಾದರೂ ಮನೆ ತಾನಾಗಿ ಖಾಲಿಯಾದರೆ ಹೊಸಬರಿಗೆ ಕೊಡದೆ ಹಾಗೆಯೇ ಇಟ್ಟುಕೊಳ್ಳಿ. ಅದೊಂದಿದ್ದರೆ ಉಳಿದವರನ್ನು ಸರದಿಯಂತೆ ಅಲ್ಲಿಗೆ ಕಳುಹಿಸಬಹುದು.

ಬಚ್ಚಲಿನ ಕೆಲಸದಲ್ಲಿ ಅವಸರ ಕೂಡದು. ಹಳೆಯ ನೆಲವನ್ನು ಸ್ಲ್ಯಾಬಿನವರೆಗೆ ಕಿತ್ತು, ಮೂಲೆಗಳನ್ನು ಗಾರೆಯಿಂದ ಗುಂಡಾಗಿ ತುಂಬಿ, ನೀರುನಿರೋಧಕ ಲೇಪನವನ್ನು ಎರಡು ಸಲ, ಗೋಡೆಯ ಮೇಲೂ ಒಂದಡಿ ಎತ್ತರಕ್ಕೆ ಹಚ್ಚಬೇಕು. ಅದು ಒಣಗಿದ ಮೇಲೆ ಕಿಂಡಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಚಾವಣಿಯನ್ನು ನೀವೇ ಹೋಗಿ ಮುಟ್ಟಿ ನೋಡಿ. ಈ ಪರೀಕ್ಷೆಯಾಗದೆ ಟೈಲ್ಸ್ ಹಾಕಲು ಬಿಡಬೇಡಿ. ಮತ್ತೆ ಸೋರಿದರೆ ಆ ಬಾಡಿಗೆದಾರರ ಮುಂದೆ ಎರಡನೆಯ ಸಲ ನಿಂತು ಕೇಳಿಕೊಳ್ಳುವುದು ಬಹಳ ಕಷ್ಟ. ಹೊಸದಾಗಿ ಕಾಂಕ್ರೀಟ್ ಹಾಕುವ ಕಡೆ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು.

ಕೊಡಗಿನಲ್ಲಿ ಇದೆಲ್ಲಕ್ಕೂ ಸಿಗುವ ಕಾಲ ಚಿಕ್ಕದು. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಕಳೆಯುತ್ತಿದ್ದಂತೆ ಕಾಫಿ ಕೊಯ್ಲಿಗೆ ಆಳುಗಳು ತೋಟಗಳತ್ತ ಹೋಗುತ್ತಾರೆ, ಮಾರ್ಚ್ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ, ಜೂನ್ ಎಂದರೆ ಮಳೆಗಾಲವೇ. ಆದ್ದರಿಂದ ಮೇಸ್ತ್ರಿ ಮತ್ತು ಪ್ಲಂಬರನ್ನು ನವೆಂಬರಿನಲ್ಲೇ ಗೊತ್ತುಮಾಡಿಕೊಂಡು, ಎರಡೂ ಬದಿಯ ಬಚ್ಚಲುಗಳನ್ನು ಫೆಬ್ರವರಿಯೊಳಗೆ ಮುಗಿಸಿ, ತಾರಸಿಯ ಬಿರುಕುಗಳನ್ನು ತುಂಬಿಸಿ ಅದರ ಮೇಲೆ ಶೀಟಿನ ಮಾಡನ್ನು ಏಪ್ರಿಲ್ ಕೊನೆಯೊಳಗೆ ನಿಲ್ಲಿಸಿ. ನಮ್ಮ ಮಳೆಗೆ ಬರೀ ಲೇಪನವನ್ನು ನಂಬಿ ಕೂರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತೇವದ ಗೋಡೆಯೊಳಗಿನ ಹಳೆಯ ವೈರು ಜೀವಕ್ಕೆ ಅಪಾಯ. ಪ್ರತಿ ಮನೆಗೂ ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಈ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಗೇ ಕೊಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅದನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಮಕ್ಕಳಿರುವ ಮನೆಯಲ್ಲಿ ಗೋಡೆಯನ್ನು ಒಣದಾಗಿ ಉಜ್ಜದೆ, ನೀರು ಚಿಮುಕಿಸಿ ಕೆರೆಯಬೇಕು.

ಕಾನೂನಿನ ಮಾತು ಸ್ವಲ್ಪ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನಂತೆ, ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವರಿಗೆ ಆ ಮನೆಯನ್ನು ಅಡ್ಡಿಯಿಲ್ಲದೆ ಅನುಭವಿಸುವ ಹಕ್ಕಿದೆ. ಮನೆ ನಿಮ್ಮದಾದರೂ ಒಳಗೆ ಕೆಲಸ ಮಾಡಿಸುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಆರಂಭದ ದಿನ, ಅಂದಾಜು ಅವಧಿ, ಕೆಲಸದ ಗಂಟೆಗಳು, ನೀರು ನಿಲ್ಲುವ ಸಮಯ, ಸಾಮಾನಿಗೆ ಹಾನಿಯಾದರೆ ಯಾರ ಹೊಣೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ನಾಲ್ಕೂ ಮನೆಯವರ ಸಹಿ ಪಡೆದು, ಅವರಿಗೂ ಪ್ರತಿ ಕೊಡಿ. ಬಚ್ಚಲಿಲ್ಲದ ದಿನಗಳ ಬಾಡಿಗೆಯನ್ನು ಅವರು ಕೇಳುವ ಮೊದಲೇ ಬಿಟ್ಟುಕೊಡಿ.

ಇನ್ನು ಒಳಗಿನ ಬಣ್ಣ. ಎಲ್ಲ ಮುಗಿದ ಸಂತೋಷದಲ್ಲಿ ಮೇ ತಿಂಗಳಲ್ಲೇ ಬಣ್ಣ ಹೊಡೆಸಬೇಡಿ. ಜುಲೈ ಮತ್ತು ಆಗಸ್ಟಿನ ಜಡಿಮಳೆಯಲ್ಲಿ ಬಾಡಿಗೆದಾರರನ್ನು ಕೇಳಿಕೊಂಡು ಒಳಗೆ ಹೋಗಿ, ಚಾವಣಿಯಲ್ಲಿ, ಕಿಟಕಿಯ ಮೂಲೆಗಳಲ್ಲಿ ತೇವ ಕಂಡ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ಬನ್ನಿ. ಆ ಗುರುತುಗಳನ್ನು ಸರಿಪಡಿಸಿ, ಗೋಡೆ ಒಣಗಿದ ಮೇಲೆ ಡಿಸೆಂಬರಿನಲ್ಲಿ ಬಣ್ಣದವರನ್ನು ಕರೆಯಿರಿ.