ಲೋಡರ್ ಬಕೆಟ್‌ಗೆ ಹಲ್ಲಿನ ಬಾಯಿ ಬೆಸುಗೆ ಹಾಕಿಸಿ ಬಳ್ಳಾರಿ ಜಾಲಿ ತೆಗೆಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: 50 ಎಚ್‌ಪಿ ಟ್ರ್ಯಾಕ್ಟರ್ ಇದೆ, ಮುಂದೆ ಲೋಡರ್ ಇದೆ. ನಾಲ್ಕು ಎಕರೆ ಬೀಳು ಹೊಲದಲ್ಲಿ ಬಳ್ಳಾರಿ ಜಾಲಿ ತುಂಬಿಕೊಂಡಿದೆ. ಬಕೆಟ್ ಮೇಲೆ ಕಚ್ಚಿ ಹಿಡಿಯುವ ಗ್ರ್ಯಾಪಲ್ ಒಂದನ್ನು ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದಾ, ಹಲ್ಲಿಗೆ ಲಾರಿಯ ಹಳೆ ಕಮಾನು ಪಟ್ಟಿ ಆಗುತ್ತದಾ ಎಂದು ಕೇಳಿದ್ದೀರಿ.

ಮಾಡಿಸಬಹುದು. ನಾನೇ ಮಾಡಿಸಿದ್ದೇನೆ. ಆದರೆ ಕಮಾನು ಪಟ್ಟಿ ಮಾತ್ರ ಬೇಡ. ಅದನ್ನು ಹಾಕಿಸಿ ಒಂದೇ ವಾರದಲ್ಲಿ ಮೂರು ಹಲ್ಲು ಉದುರಿಸಿಕೊಂಡವನು ನಾನು.

ನಮ್ಮ ಹೊಲ ಹಿರಿಯೂರು ಕಡೆ. ಗುಜರಿಯಲ್ಲಿ ಪಟ್ಟಿ ಅಗ್ಗಕ್ಕೆ ಸಿಕ್ಕಿತು. ಆಗಲೇ ಬಾಗಿದೆ, ಗಟ್ಟಿಯಾಗಿದೆ, ಹಲ್ಲಿಗೆಂದೇ ಮಾಡಿದ ಹಾಗಿದೆ ಎಂದು ಖುಷಿಪಟ್ಟೆ. ಮುರಿದ ಮೇಲೆ ನೋಡಿದರೆ ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ, ಎರಡು ಮೂರು ಮಿಲಿಮೀಟರ್ ಆಚೆ, ಪಟ್ಟಿಯೇ ಗಾಜಿನ ಹಾಗೆ ಕಡಿದಿತ್ತು. ವೆಲ್ಡಿಂಗ್‌ನವನನ್ನು ಸುಮ್ನೆ ಬೈದೆ. ತಪ್ಪು ಅವನದಲ್ಲ, ಕಬ್ಬಿಣ ಆರಿಸಿದ ನನ್ನದು.

ಕಮಾನು ಪಟ್ಟಿ ಸ್ಪ್ರಿಂಗ್ ಸ್ಟೀಲ್‌ನದು, ಅದರಲ್ಲಿ ಇಂಗಾಲ ಜಾಸ್ತಿ. ನಾವು ಸಾಮಾನ್ಯವಾಗಿ ಬಳಸುವ ಮೈಲ್ಡ್ ಸ್ಟೀಲ್‌ಗೆ ಹೋಲಿಸಿದರೆ ಎರಡರಷ್ಟಕ್ಕೂ ಹೆಚ್ಚು. ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರಲ್ಲ, ಬೆಸುಗೆಯ ಅಂಚಿನಲ್ಲೂ ಅದೇ ನಡೆಯುತ್ತದೆ. ಬೆಸುಗೆಯ ರಾಡ್ ಮುಂದೆ ಸರಿದ ತಕ್ಷಣ ಸುತ್ತಲಿನ ತಣ್ಣನೆಯ ದಪ್ಪ ಕಬ್ಬಿಣ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆ ಅಂಚು ಗಡುಸಾಗುತ್ತದೆ, ಬಾಗುವ ಗುಣ ಹೋಗುತ್ತದೆ. ಮೊದಲೇ ಚೆನ್ನಾಗಿ ಕಾಯಿಸಿ, ಬೆಸುಗೆ ಆದ ಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ನಿಲ್ಲಬಹುದು. ಎಲ್ಲ ಹಲ್ಲಿಗೂ ಅಷ್ಟು ತಾಳ್ಮೆಯಿಂದ ಯಾರು ಮಾಡುತ್ತಾರೆ ಹೇಳಿ?

ಎರಡನೇ ಸಲ 16 ಮಿ.ಮೀ. ಮೈಲ್ಡ್ ಸ್ಟೀಲ್ ಪ್ಲೇಟಿನಲ್ಲಿ ಹಲ್ಲಿನ ಆಕಾರವನ್ನೇ ಗ್ಯಾಸ್ ಕಟಿಂಗ್ ಮಾಡಿಸಿದೆ. 600 ಮಿ.ಮೀ. ಉದ್ದ, 100 ಅಗಲ. ಒಂದೊಂದು ಏಳೂವರೆ ಕೆಜಿ ತೂಗುತ್ತದೆ. ಕಟ್ ಆದ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳು ಉಳಿಯುತ್ತವೆ. ಹಲ್ಲಿನ ಒಳಬಾಗಿನ ಕಡೆ ಅವನ್ನು ಗ್ರೈಂಡರ್‌ನಿಂದ ನುಣ್ಣಗೆ ಮಾಡಿಸಿ, ಬಿರುಕು ಶುರುವಾಗುವುದು ಅಲ್ಲಿಂದಲೇ. ಈ ಹಲ್ಲು ಬಾಗುತ್ತದೆ. ಬಾಗಲಿ ಬಿಡಿ! ಗ್ಯಾಸ್‌ನಲ್ಲಿ ಕಾಯಿಸಿ ಬಡಿದರೆ ನೆಟ್ಟಗಾಗುತ್ತದೆ. ಏನಾದರೂ ಕೆಡುವುದಿದ್ದರೆ ಮೊದಲು ಹಲ್ಲು ಕೆಡಬೇಕು, ಆಮೇಲೆ ಬಕೆಟ್. ಬಕೆಟ್ ಎತ್ತುವ ಲೋಡರ್ ಕೈಗೆ ಏನೂ ಆಗಬಾರದು. ನಾನು ಎಲ್ಲ ಅಳತೆಯನ್ನೂ ಈ ಲೆಕ್ಕದಲ್ಲೇ ಇಟ್ಟಿದ್ದೇನೆ.

ಹಲ್ಲನ್ನು ಒತ್ತಿ ಬಾಯಿ ಮುಚ್ಚುವ ಹೈಡ್ರಾಲಿಕ್ ಜಾಕ್ ವಿಷಯಕ್ಕೂ ಇದೇ ಲೆಕ್ಕ. ಎಲ್ಲರೂ ದೊಡ್ಡ ಜಾಕ್ ಹಾಕಿಸಿ ಎನ್ನುತ್ತಾರೆ. 50 ಮಿ.ಮೀ. ಬೋರ್‌ನ (ಒಳವ್ಯಾಸದ) ಜಾಕ್ 150 ಬಾರ್ ಒತ್ತಡದಲ್ಲಿ ಸುಮಾರು 3 ಟನ್ ತಳ್ಳುತ್ತದೆ. ಅದು ಹಲ್ಲು ತಿರುಗುವ ಪಿನ್‌ನಿಂದ 150 ಮಿ.ಮೀ. ದೂರದಲ್ಲಿ ತಳ್ಳುತ್ತಿದೆ, ಹಲ್ಲಿನ ತುದಿ ಪಿನ್‌ನಿಂದ 600 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ತುದಿಯಲ್ಲಿ ಸಿಗುವ ಹಿಡಿತ ನಾಲ್ಕನೇ ಒಂದು ಭಾಗ, ಅಂದರೆ 750 ಕೆಜಿ. ಜಾಲಿ ಕೊಂಬೆಗಳಿಗೆ ಇದು ಧಾರಾಳವಾಯಿತು. 80 ಮಿ.ಮೀ. ಜಾಕ್ ಹಾಕಿದರೆ ಅದೇ ತುದಿಯಲ್ಲಿ 1,900 ಕೆಜಿ ದಾಟುತ್ತದೆ. ಆಗ ಮರಕ್ಕಿಂತ ಮೊದಲು ಬಕೆಟ್ಟಿನ ತುಟಿ ಸೊಟ್ಟಗಾಗುತ್ತದೆ.

ಮೇಲಿನ ಬಾಯಿಯನ್ನು ಒಂದೇ ಅಗಲದ್ದಾಗಿ ಮಾಡಿಸಬೇಡಿ. ಎರಡು ಮಾಡಿಸಿ, ಒಂದೊಂದಕ್ಕೆ ಮೂರು ಹಲ್ಲು, ಒಂದೊಂದು ಜಾಕ್. ಎರಡೂ ಜಾಕ್‌ಗೆ ಎಣ್ಣೆ ಒಂದೇ ಲೈನಿನಿಂದ ಹೋಗಲಿ. ಒಂದು ಕಡೆ ದಪ್ಪ ಬೊಡ್ಡೆ, ಇನ್ನೊಂದು ಕಡೆ ಬರೀ ಸೊಪ್ಪು ಸಿಕ್ಕಿದರೆ ಎರಡೂ ತಮ್ಮ ಪಾಡಿಗೆ ಕಚ್ಚಿಕೊಳ್ಳುತ್ತವೆ. ಒಂದೇ ಬಾಯಿಯಾದರೆ ಬೊಡ್ಡೆಯ ಕಡೆ ತಡೆದು ನಿಂತು ತಿರುಚಿಕೊಳ್ಳುತ್ತದೆ. ಹಲ್ಲುಗಳ ನಡುವೆ ಗೇಣಿನಷ್ಟು ಜಾಗ ಬಿಡಿ, ಮಣ್ಣು ಉದುರಲಿ.

ಇನ್ನು ಎಲ್ಲಿ ಬೆಸುಗೆ ಹಾಕಬೇಕು? ಬಕೆಟ್ಟಿನ ಬೆನ್ನಿನ ತಗಡಿಗೆ ನೇರವಾಗಿ ಗ್ರ್ಯಾಪಲ್ ಹಿಡಿಯುವ ಬ್ರಾಕೆಟ್ ಅಂಟಿಸಿದರೆ ತಗಡೇ ಹರಿದು ಬರುತ್ತದೆ. ಮೊದಲು ಮೂಲೆ ದುಂಡಗಿರುವ 10 ಮಿ.ಮೀ. ಪ್ಲೇಟನ್ನು ಹಿಂಬದಿಯ ದಪ್ಪ ಪಟ್ಟಿಗೆ ತಾಗುವಂತೆ ಕೂರಿಸಿ, ಅದರ ಮೇಲೆ ಬ್ರಾಕೆಟ್ ನಿಲ್ಲಿಸಿ. ಬಕೆಟ್ಟಿನ ಕೆಳಗಿನ ಕತ್ತರಿಸುವ ತುಟಿಗೆ ಏನನ್ನೂ ಅಂಟಿಸಬೇಡಿ. ಅದೂ ಗಡುಸು ಉಕ್ಕು, ಕಮಾನು ಪಟ್ಟಿಯ ಕತೆಯೇ ಮತ್ತೆ. ಲೋಡರ್ ಕೈಯ ಹತ್ತಿರವಂತೂ ರಾಡ್ ತರಲೇಬೇಡಿ. ಪೈಪ್ ಕ್ಲ್ಯಾಂಪ್ ಒಂದು ಬೇಕಿತ್ತು ಅಂತ ಕೈಯ ಮೇಲ್ಭಾಗಕ್ಕೆ ಅಡ್ಡ ಬೆಸುಗೆ ಹಾಕಿ, ಅಲ್ಲೇ ಬಿರುಕು ಬಿಟ್ಟದ್ದನ್ನು ಪಕ್ಕದ ಊರಿನಲ್ಲಿ ನೋಡಿದ್ದೇನೆ.

ರಾಡ್ ಬಗ್ಗೆ: ಶಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 6013 ನಂಬರಿನ ರಾಡ್. ಗೇಟು, ಕಿಟಕಿಗೆ ಚೆನ್ನಾಗಿದೆ. ಈ ಕೆಲಸಕ್ಕೆ 7018 ಕೇಳಿ. ಅದು ತೇವ ಕುಡಿದರೆ ಬಿರುಕಿಗೆ ದಾರಿ, ಬಿಚ್ಚಿಟ್ಟ ಪೊಟ್ಟಣದ್ದಾದರೆ 300 ಡಿಗ್ರಿಗೂ ಮೇಲೆ ಒವನ್‌ನಲ್ಲಿ ಒಣಗಿಸಬೇಕು. ಒವನ್ ಇಲ್ಲದ ಶಾಪ್ ಆದರೆ ಹೊಸ ಪೊಟ್ಟಣ ತಂದು ಅವತ್ತೇ ಮುಗಿಸಿ. ಹಳೆ ಎಸಿ ಸೆಟ್‌ನಲ್ಲಿ ಇದು ಸರಿಯಾಗಿ ಉರಿಯದೆ ಕಾಟ ಕೊಡುತ್ತದೆ, ಡಿಸಿ ಇನ್ವರ್ಟರ್ ಇರುವವರ ಹತ್ತಿರ ಹೋಗಿ. ದಪ್ಪ ಪ್ಲೇಟಿನ ಅಂಚನ್ನು ಓರೆಯಾಗಿ ಉಜ್ಜಿಸಿ, ಒಂದು ಪದರ ಹಾಕಿ, ಕಿಟ್ಟ ಕೆತ್ತಿ, ಮತ್ತೊಂದು ಪದರ. ಒಂದೇ ಸಲ ದಪ್ಪಗೆ ಸುರಿದದ್ದು ನೋಡಲಷ್ಟೇ ಚೆಂದ.

ಪಿನ್ ಕೂರುವ ಕೊಳವೆ ತುಂಡುಗಳನ್ನು, ಅಂದರೆ ಬುಷ್‌ಗಳನ್ನು, ಬೆಸುಗೆ ಹಾಕುವಾಗ ಎಲ್ಲದರೊಳಗೂ ಒಂದೇ ನೆಟ್ಟನೆಯ ಶಾಫ್ಟ್ ತೂರಿಸಿಟ್ಟಿರಿ. ಇಲ್ಲದಿದ್ದರೆ ಬಿಸಿಗೆ ಎಳೆದುಕೊಂಡು, ಆಮೇಲೆ ಪಿನ್ ಒಳಗೆ ಹೋಗುವುದೇ ಇಲ್ಲ. ಬಕೆಟ್ಟನ್ನು ಬಿಚ್ಚಿ ಶಾಪ್‌ಗೆ ಒಯ್ಯುವುದೇ ಒಳ್ಳೆಯದು. ಗಾಡಿಯ ಮೇಲೇ ಮಾಡುವುದಾದರೆ ಬ್ಯಾಟರಿ ತಂತಿ ತೆಗೆಯಿರಿ, ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಕರೆಂಟು ಪಿನ್ನು, ಬೇರಿಂಗುಗಳ ಮೂಲಕ ಹಾದು ಅವನ್ನು ತಿನ್ನುತ್ತದೆ. ಜಾಕಿನ ಹೊಳೆಯುವ ರಾಡಿಗೆ ಒದ್ದೆ ಗೋಣಿ ಸುತ್ತಿ. ಒಂದು ಕಿಡಿ ಅಂಟಿಕೊಂಡರೂ ಸೀಲ್ ಹೋಯಿತು ಅಂತಲೇ.

ಎಣ್ಣೆ ಪೈಪನ್ನು ಲೋಡರ್ ಕೈಯ ಒಳಬದಿಯಲ್ಲೇ ತನ್ನಿ. ಜಾಲಿ ಕೊಂಬೆ ಮೊದಲು ಹುಡುಕುವುದೇ ಪೈಪನ್ನು. ನಿಮ್ಮ ಲೋಡರ್‌ಗೆ ಎರಡೇ ಲಿವರ್ ಇದ್ದರೆ ಗ್ರ್ಯಾಪಲ್‌ಗೆ ಎಣ್ಣೆಯ ದಾರಿ ತಿರುಗಿಸುವ 12 ವೋಲ್ಟಿನ ಡೈವರ್ಟರ್ ವಾಲ್ವ್ ಸಿಗುತ್ತದೆ, ಲಿವರ್ ಮೇಲೆ ಒಂದು ಬಟನ್ ಅಷ್ಟೇ.

ಬಕೆಟ್ಟಿನ ಹಿಂದೆ ಎರಡಡಿ ಎತ್ತರದ ಕಂಬಿ ಜಾಲರಿಯನ್ನು ದಯವಿಟ್ಟು ಬಿಡಬೇಡಿ. ಬಕೆಟ್ ಮೇಲೆತ್ತಿದಾಗ ಬೊಡ್ಡೆ ಹಿಂದಕ್ಕೆ ಉರುಳಿದರೆ ಬರುವುದು ನಿಮ್ಮ ತಲೆಯ ಮೇಲೆಯೇ. ನನ್ನ ಗ್ರ್ಯಾಪಲ್ ಜಾಲರಿ ಸೇರಿ 140 ಕೆಜಿ ಆಯಿತು. ಅಷ್ಟು ತೂಕ ಎತ್ತುವ ಶಕ್ತಿಯಲ್ಲಿ ಕಳೆದುಹೋಯಿತು ಅಂತ ಲೆಕ್ಕ ಹಾಕಿ, ಟ್ರ್ಯಾಕ್ಟರ್ ಹಿಂದೆ ಭಾರ ಕಟ್ಟಿ.

ಇದರಿಂದ ಬೇರು ಕೀಳಲು ಹೋಗಬೇಡಿ. ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿದರೆ ಮಳೆ ಬಿದ್ದ ಮೇಲೆ ಇನ್ನೂ ದಟ್ಟವಾಗಿ ಚಿಗುರುತ್ತದೆ, ಒಂದಡಿ ಆಳದಿಂದಲಾದರೂ ಬುಡ ತೆಗೆಯಬೇಕು. ಆ ಕೆಲಸಕ್ಕೆ ನಾನು ಜೆಸಿಬಿಯನ್ನು ಬಾಡಿಗೆಗೆ ಕರೆಸಿದೆ. ಕಡಿದದ್ದನ್ನು, ಕಿತ್ತದ್ದನ್ನು ಬಾಚಿ ಒಂದು ಕಡೆ ರಾಶಿ ಹಾಕುವುದು ಮಾತ್ರ ಗ್ರ್ಯಾಪಲ್ ಕೆಲಸ. ಮುಂದಿನ ಟೈರಿಗೆ ಪಂಕ್ಚರ್ ಗ್ಯಾರಂಟಿ, ಎರಡು ಟ್ಯೂಬ್ ತಂದಿಟ್ಟುಕೊಳ್ಳಿ.

ಬಣ್ಣಕ್ಕೆ ಅವಸರ ಬೇಡ. ಮೊದಲ ದಿನ ಎರಡು ತಾಸು ಕೆಲಸ ಮಾಡಿ ನಿಲ್ಲಿಸಿ, ಬೆಸುಗೆಯ ತುದಿಗಳನ್ನು ಒರೆಸಿ ನೋಡಿ. ಕೂದಲಿನಷ್ಟು ಗೆರೆ ಕಂಡರೂ ಅಲ್ಲಿಗೆ ಬಿಟ್ಟು ಶಾಪ್‌ಗೆ ಒಯ್ಯಿರಿ. ನನ್ನದಕ್ಕೆ ಎಡಗಡೆ ಬ್ರಾಕೆಟ್ಟಿನಲ್ಲಿ ಹಾಗೊಂದು ಕಂಡಿತ್ತು. ಪೂರ್ತಿ ಉಜ್ಜಿ ತೆಗೆಸಿ ಮತ್ತೆ ಹಾಕಿಸಿದೆ, ಈಗ ಮೂರನೇ ಬೇಸಿಗೆ ನಡೆಯುತ್ತಿದೆ.